ಸೈಲೆನ್ಸರ್ ಬದಲಾಯಿಸಿದ ಮೇಲೆ ಉರಿಯುವ ಎಂಜಿನ್ ದೀಪ

ಮುಂಬಯಿಯ ಮಳೆಗಾಲ ಕಾರಿನ ಕೆಳಭಾಗವನ್ನು ಸುಮ್ಮನೆ ಬಿಡುವುದಿಲ್ಲ. ಕುರ್ಲಾದಿಂದ ವಿಕ್ರೋಳಿ, ಭಾಂಡುಪ್ ವರೆಗಿನ ಎಲ್.ಬಿ.ಎಸ್. ಮಾರ್ಗದಲ್ಲಿ ನಿಲ್ಲುವ ನೀರು, ಹೊಂಡಗಳು, ಅಳತೆ ಮೀರಿದ ಸ್ಪೀಡ್ ಬ್ರೇಕರುಗಳು ಸೇರಿ ಕೆಲವೇ ವರ್ಷಗಳಲ್ಲಿ ಹೊಗೆಕೊಳವೆಗೆ ತುಕ್ಕು ಹಿಡಿಸಿ ತೂತು ಮಾಡಿಬಿಡುತ್ತವೆ. ಕಂಪೆನಿಯ ಸರ್ವಿಸ್ ಸೆಂಟರಿನಲ್ಲಿ ಮೂಲ ಭಾಗದ ಬೆಲೆ ಕೇಳಿ ಬೆಚ್ಚಿದವರು ಕುರ್ಲಾದ ಸಿ.ಎಸ್.ಟಿ. ರಸ್ತೆಯ ಬಿಡಿಭಾಗಗಳ ಅಂಗಡಿಸಾಲಿನತ್ತ ಮುಖ ಮಾಡುವುದು ಸಹಜ. ಅಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಕೆಲಸ ಮುಗಿಯುತ್ತದೆ. ಆದರೆ ಕೆಲವು ದಿನಗಳ ನಂತರ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪವೊಂದು ಹೊತ್ತಿಕೊಂಡು ಆರದೆ ನಿಲ್ಲುತ್ತದೆ.

ಈ ಲೇಖಕನೂ ಆ ದಾರಿಯಲ್ಲಿ ನಡೆದವನೇ. ಹೊಸ ಕೊಳವೆ ಹಾಕಿಸಿ ಎರಡು ವಾರ ವಿಕ್ರೋಳಿಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಮನೆಗೆ ಓಡಾಡಿದಾಗ ಯಾವ ತೊಂದರೆಯೂ ಕಾಣಲಿಲ್ಲ. ಮೇ ತಿಂಗಳಿನಲ್ಲಿ ಊರಿಗೆ ಹೊರಟು ಮಹಾಡ್ ದಾಟಿ ಕಶೇಡಿ ಘಾಟಿನ ಬಳಿ ಬಂದಾಗ ದೀಪ ಹೊತ್ತಿತು. ಮುಂದಿನ ದಾರಿಯುದ್ದಕ್ಕೂ ಮನೆಯವರ ಕಣ್ಣು ರಸ್ತೆಗಿಂತ ಹೆಚ್ಚಾಗಿ ಆ ದೀಪದ ಮೇಲೆಯೇ ಇತ್ತು. ಊರಿನಲ್ಲಿ ಗ್ಯಾರೇಜಿನ ಹುಡುಗನೊಬ್ಬ ಸ್ಕ್ಯಾನರ್ ಚುಚ್ಚಿ ಅರೆನಿಮಿಷದಲ್ಲಿ ದೀಪ ಆರಿಸಿ ಕೊಟ್ಟ. ಮರುಪ್ರಯಾಣದಲ್ಲಿ ಅದು ಮತ್ತೆ ಹೊತ್ತಿತು. ಇದೇಕೆ ಹೀಗೆ ಎಂದು ಕೇಳಿ, ಓದಿ ತಿಳಿದುಕೊಂಡ ವಿಷಯಗಳು ಇತರ ಕುಟುಂಬಗಳಿಗೂ ಉಪಯುಕ್ತವಾದೀತೆಂದು ಇಲ್ಲಿ ಬರೆಯಲಾಗಿದೆ.

ಮುಂಬಯಿ ಸೇರಿದಂತೆ ನಾಲ್ಕು ಮಹಾನಗರಗಳಲ್ಲಿ 1995ರ ಏಪ್ರಿಲ್ 1ರಿಂದ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಸೀಸ ಈ ಕನ್ವರ್ಟರನ್ನು ಕೊಲ್ಲುವುದರಿಂದ ಸೀಸರಹಿತ ಪೆಟ್ರೋಲ್ ಕೂಡ ಅದರ ಜೊತೆಗೇ ಬಂತು. ಜೇನುಗೂಡಿನಂತೆ ಸಣ್ಣ ಸಣ್ಣ ರಂಧ್ರಗಳಿರುವ ಪಿಂಗಾಣಿಯ ಅಚ್ಚಿನ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಅಮೂಲ್ಯ ಲೋಹಗಳ ತೆಳುಲೇಪ ಇದರೊಳಗಿರುತ್ತದೆ. ಎಂಜಿನ್ನಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್, ಸುಡದೆ ಉಳಿದ ಪೆಟ್ರೋಲ್ ಆವಿ ಮತ್ತು ನೈಟ್ರೋಜನ್ ಆಕ್ಸೈಡುಗಳನ್ನು ಅದು ಇಂಗಾಲಾಮ್ಲ, ನೀರಿನ ಆವಿ ಮತ್ತು ಸಾರಜನಕವಾಗಿ ಪರಿವರ್ತಿಸುತ್ತದೆ. ಈ ಕಾರ್ಯ ನಡೆಯುತ್ತಿದೆಯೇ ಎಂದು ಕಾರೇ ತನ್ನನ್ನು ಪರೀಕ್ಷಿಸಿಕೊಳ್ಳುವ ಏರ್ಪಾಡು ನಮ್ಮ ದೇಶದಲ್ಲಿ ಬಂದದ್ದು ತಡವಾಗಿ. ಬಿ.ಎಸ್. 4 ನಿಯಮದ ಜೊತೆಗೆ 2010ರಲ್ಲಿ ಅದರ ಮೊದಲ ಹಂತವೂ 2013ರ ಏಪ್ರಿಲ್‌ನಿಂದ ಎರಡನೆಯ ಹಂತವೂ ಜಾರಿಯಾದವು. ಆದುದರಿಂದ ಅದಕ್ಕೂ ಹಳೆಯ ಕಾರುಗಳಲ್ಲಿ ಏನು ಬದಲಾಯಿಸಿದರೂ ಸುಮ್ಮನಿದ್ದ ದೀಪ ಈಗಿನ ಕಾರುಗಳಲ್ಲಿ ಸುಮ್ಮನಿರುವುದಿಲ್ಲ.

ಪರೀಕ್ಷೆಯ ಕ್ರಮ ಹೀಗಿದೆ. ಕನ್ವರ್ಟರಿನ ಮುಂದೆ ಒಂದು, ಹಿಂದೆ ಒಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಮುಂದಿನ ಸೆನ್ಸರ್ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡಿ ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸುತ್ತದೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಸೇರುವಂತೆ ಕಂಪ್ಯೂಟರು ಕ್ಷಣಕ್ಷಣಕ್ಕೂ ಸರಿದೂಗಿಸುತ್ತಿರುತ್ತದೆ. ಸಾಮಾನ್ಯ ಬಗೆಯ ಸೆನ್ಸರಿನ ಸಂಕೇತ 0.1ರಿಂದ 0.9 ವೋಲ್ಟಿನ ನಡುವೆ ಏರಿಳಿಯುತ್ತಲೇ ಇರುತ್ತದೆ. ಕನ್ವರ್ಟರ್ ಆರೋಗ್ಯವಾಗಿದ್ದರೆ ಅದು ಆಮ್ಲಜನಕವನ್ನು ಹಿಡಿದಿಟ್ಟು ಬೇಕಾದಾಗ ಬಿಡುವುದರಿಂದ ಹಿಂದಿನ ಸೆನ್ಸರಿನ ಸಂಕೇತ ಶಾಂತವಾಗಿರುತ್ತದೆ. ಹಿಂದಿನದೂ ಮುಂದಿನದರಂತೆಯೇ ಕುಣಿಯತೊಡಗಿದರೆ ನಡುವಿನ ಕನ್ವರ್ಟರ್ ಕೆಲಸ ಮಾಡುತ್ತಿಲ್ಲವೆಂದು ಕಂಪ್ಯೂಟರ್ ತೀರ್ಮಾನಿಸುತ್ತದೆ. ಸಾಮಾನ್ಯವಾಗಿ ಎರಡು ಸವಾರಿಗಳಲ್ಲಿ ಸತತವಾಗಿ ಅದೇ ದೋಷ ಕಂಡರೆ ದೀಪ ಉರಿಸುತ್ತದೆ.

ಆದುದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಬದಲಾಯಿಸಿದ ಭಾಗ ಹಿಂದಿನ ಸೆನ್ಸರಿಗಿಂತ ಮುಂದಿದೆಯೋ, ಆಚೆಗಿದೆಯೋ? ಬಂಪರಿನ ಕೆಳಗಿನ ಸೈಲೆನ್ಸರ್ ಡಬ್ಬಿಯನ್ನಷ್ಟೇ ಬದಲಾಯಿಸಿದ್ದರೆ ದೀಪಕ್ಕೂ ಅದಕ್ಕೂ ಬಹುಪಾಲು ಸಂಬಂಧವಿರುವುದಿಲ್ಲ. ಕಾರಣವನ್ನು ಬೇರೆಡೆ ಹುಡುಕಬೇಕು. ಎಂಜಿನ್ನಿನಿಂದ ಹಿಂದಿನ ಸೆನ್ಸರಿನ ವರೆಗಿನ ಯಾವುದೇ ಕೊಳವೆ, ಜೋಡಣೆ ಅಥವಾ ಕನ್ವರ್ಟರನ್ನು ಮುಟ್ಟಿದ್ದರೆ ಅಲ್ಲಿಂದಲೇ ತಪಾಸಣೆ ಪ್ರಾರಂಭವಾಗಬೇಕು. ಎಷ್ಟೋ ಕಾರುಗಳಲ್ಲಿ ಕನ್ವರ್ಟರ್ ಬಾನೆಟ್ಟಿನ ಕೆಳಗೆ ಎಂಜಿನ್ನಿಗೆ ಅಂಟಿಕೊಂಡೇ ಇರುತ್ತದೆ ಎಂಬುದನ್ನೂ ಗಮನಿಸಬೇಕು.

ಎರಡನೆಯದಾಗಿ, ದೋಷಸಂಕೇತವನ್ನು ಬರೆದಿಟ್ಟುಕೊಳ್ಳದೆ ದೀಪ ಆರಿಸಲು ಬಿಡಬಾರದು. ಸ್ಟಿಯರಿಂಗಿನ ಕೆಳಗೆ ಹದಿನಾರು ಪಿನ್ನುಗಳ ಒಂದು ಸಾಕೆಟ್ ಇರುತ್ತದೆ. ಸ್ಕ್ಯಾನರನ್ನು ಅಲ್ಲಿಗೆ ಸೇರಿಸಿದರೆ ಸಂಕೇತ ಕಾಣುತ್ತದೆ. ಅದರೊಂದಿಗೆ ದೋಷ ದಾಖಲಾದ ಗಳಿಗೆಯಲ್ಲಿ ಕಾರಿನ ವೇಗವೆಷ್ಟು, ಎಂಜಿನ್ನಿನ ಶಾಖವೆಷ್ಟು ಎಂಬ ವಿವರಗಳೂ ಇರುತ್ತವೆ. ಅಳಿಸಿದರೆ ಇವೂ ಹೋಗುತ್ತವೆ. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ, ಆಡಿಟರ ಆಕ್ಷೇಪಣೆಗೆ ಉತ್ತರ ಬರೆಯುವ ಬದಲು ಆ ಹಾಳೆಯನ್ನೇ ಹರಿದು ಹಾಕಿದಂತೆ.

ಹೊಗೆಕೊಳವೆಯ ಕೆಲಸದ ನಂತರ ಸಾಮಾನ್ಯವಾಗಿ ಬರುವವು ಮೂರು ಬಗೆಯ ಸಂಕೇತಗಳು. ಪಿ 0136ರಿಂದ ಪಿ 0141ರ ವರೆಗಿನವು ಹಿಂದಿನ ಸೆನ್ಸರಿಗೆ ಅಥವಾ ಅದರ ಹೀಟರಿಗೆ ಸಂಬಂಧಿಸಿದವು. ಕನೆಕ್ಟರ್ ಸರಿಯಾಗಿ ಕೂತಿಲ್ಲದಿರಬಹುದು, ತಂತಿ ಬಿಸಿ ಕೊಳವೆಗೆ ತಗಲಿ ಸುಟ್ಟಿರಬಹುದು, ತುಕ್ಕು ಹಿಡಿದ ಸೆನ್ಸರನ್ನು ಬಲವಂತವಾಗಿ ತಿರುಗಿಸುವಾಗ ಪೆಟ್ಟಾಗಿರಬಹುದು. ಇದು ಅಗ್ಗದ ರಿಪೇರಿ.

ಪಿ 0171 ಎಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದರ್ಥ. ನಿಜವಾಗಿ ಹಾಗಿರಲೇಬೇಕೆಂದಿಲ್ಲ. ಹೊಸ ಕೊಳವೆಯ ಜೋಡಣೆಯಲ್ಲಿ ಹಳೆಯ ಗ್ಯಾಸ್ಕೆಟ್ ಅನ್ನೇ ಬಳಸಿದ್ದರೆ ಆ ಸಂದಿನಿಂದ ಹೊರಗಿನ ಗಾಳಿ ಒಳಸೇರಿ ಸೆನ್ಸರನ್ನು ದಾರಿ ತಪ್ಪಿಸುತ್ತದೆ. ಕಂಪ್ಯೂಟರ್ ಅದನ್ನು ನಂಬಿ ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಕುಸಿಯುತ್ತದೆ. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಚಾಲೂ ಮಾಡಿದೊಡನೆ ಟಪ್ ಟಪ್ ಶಬ್ದ ಕೇಳಿಸಿ ಬಿಸಿಯಾದಂತೆ ನಿಲ್ಲುವುದು, ಜೋಡಣೆಯ ಸುತ್ತ ಕರಿಮಸಿಯ ಗುರುತು ಕಾಣುವುದು ಸೋರಿಕೆಯ ಲಕ್ಷಣಗಳು. ಇದನ್ನು ಕೇವಲ ದೀಪದ ಪ್ರಶ್ನೆಯೆಂದು ಭಾವಿಸಬಾರದು. ಸಂಜೆಯ ಟ್ರಾಫಿಕ್ಕಿನಲ್ಲಿ ಕಿಟಕಿ ಮುಚ್ಚಿ ಅರ್ಧ ಗಂಟೆ ನಿಂತಿರುವ ಕಾರಿನೊಳಗೆ, ಹಿಂದಿನ ಸೀಟಿನಲ್ಲಿ ಮಗು ನಿದ್ರಿಸುತ್ತಿರುವಾಗ, ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮಾನಾಕ್ಸೈಡ್ ನುಸುಳಿದರೆ ಯಾರಿಗೂ ತಿಳಿಯುವುದಿಲ್ಲ. ಹೊಗೆಕೊಳವೆಯ ಸೋರಿಕೆಯನ್ನು ನಾಳೆಗೆ ಮುಂದೂಡಬಾರದು. ಸಂದನ್ನು ಮುಚ್ಚಲು ಕೆಲವು ಮೆಕ್ಯಾನಿಕರು ಸಿಲಿಕೋನ್ ಅಂಟನ್ನು ಬಳಿಯುವುದುಂಟು. ಅದರ ಆವಿ ಆಕ್ಸಿಜನ್ ಸೆನ್ಸರನ್ನು ಹಾಳುಮಾಡುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿಸುವುದೇ ಸರಿ. ಸಿ.ಎನ್.ಜಿ. ಕಿಟ್ ಅಳವಡಿಸಿದ ಕಾರಾದರೆ ಈ ಸಂಕೇತ ಪೆಟ್ರೋಲಿನಲ್ಲಿ ಓಡಿಸುವಾಗಲೂ ಬರುತ್ತದೆಯೇ ಎಂದು ಮೊದಲು ನೋಡಬೇಕು.

ಪಿ 0420 ಎಲ್ಲಕ್ಕಿಂತ ದುಬಾರಿ: ಕನ್ವರ್ಟರಿನ ಸಾಮರ್ಥ್ಯ ಸಾಲದು ಎಂಬ ತೀರ್ಪು. ಸೋರಿಕೆಯಿಲ್ಲ, ಸೆನ್ಸರ್ ಸರಿಯಿದೆ ಎಂದು ಖಚಿತವಾದ ಮೇಲೆಯೇ ಇದನ್ನು ನಂಬಬೇಕು. ಅಗ್ಗದ ಕನ್ವರ್ಟರುಗಳಲ್ಲಿ ಅಮೂಲ್ಯ ಲೋಹದ ಲೇಪ ತೀರ ತೆಳು. ಹೊಸದರಲ್ಲಿ ಪರೀಕ್ಷೆ ದಾಟಿ ಕೆಲವು ತಿಂಗಳಲ್ಲೇ ಸೋಲುವವುಗಳಿವೆ. ಒಳಗೆ ಏನೂ ಇಲ್ಲದ ಖಾಲಿ ಡಬ್ಬಿಗಳೂ ಇವೆ. ನನಗೆ ಸಿಕ್ಕಿದ್ದ ಸಂಕೇತ ಇದೇ. ವಿಕ್ರೋಳಿಯಲ್ಲಿ ಉರಿಯದ ದೀಪ ಘಾಟಿನ ಬಳಿ ಏಕೆ ಉರಿಯಿತೆಂಬುದಕ್ಕೂ ಉತ್ತರವಿದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಕಾರು ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದಾಗಲೇ ಕನ್ವರ್ಟರಿನ ಪರೀಕ್ಷೆ ಪೂರ್ಣವಾಗುವುದು. ಎಲ್.ಬಿ.ಎಸ್. ಮಾರ್ಗದ ತೆವಳುವ ಓಟದಲ್ಲಿ ಅದು ವಾರಗಟ್ಟಲೆ ಅಪೂರ್ಣವಾಗಿಯೇ ಉಳಿಯಬಹುದು. ಆದುದರಿಂದ ಭಾಗ ಬದಲಾಯಿಸಿದವರು ಊರಿಗೆ ಹೊರಡುವ ಮುನ್ನ, ಬೆಳಗಿನ ಜಾವ ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಠಾಣೆಯ ಕಡೆಗೆ ಎರಡು ಮೂರು ದಿನ ಸಮವೇಗದಲ್ಲಿ ಓಡಿಸಿ ನೋಡುವುದು ಮೇಲು. ದೋಷ ನಿಜವಾಗಿಯೂ ಸರಿಯಾಗಿದ್ದರೆ ಸಾಮಾನ್ಯವಾಗಿ ಮೂರು ಸವಾರಿಗಳ ನಂತರ ದೀಪ ತಾನಾಗಿಯೇ ಶಾಂತವಾಗುತ್ತದೆ.

ದಾರಿಯಲ್ಲಿ ಹೊತ್ತಿದರೆ? ದೀಪ ಸ್ಥಿರವಾಗಿ ಉರಿಯುತ್ತಾ ಎಂಜಿನ್ ಎಂದಿನಂತೆ ಓಡುತ್ತಿದ್ದರೆ ಗಾಬರಿಯಾಗಬೇಕಿಲ್ಲ, ನಿಧಾನವಾಗಿ ಊರು ಸೇರಬಹುದು. ಮಿನುಗತೊಡಗಿದರೆ ಮಾತ್ರ ವೇಗ ತಗ್ಗಿಸಿ ಬದಿಗೆ ನಿಲ್ಲಿಸಲೇಬೇಕು. ಸುಡದ ಪೆಟ್ರೋಲ್ ಕನ್ವರ್ಟರಿನಲ್ಲಿ ಹೊತ್ತಿ ಅದರ ಶಾಖ ಸಾವಿರ ಡಿಗ್ರಿಯತ್ತ ಏರಿ ಒಳಗಿನ ಜೇನುಗೂಡು ಕರಗಬಹುದು. ಒಣಹುಲ್ಲಿನ ಮೇಲಂತೂ ನಿಲ್ಲಿಸಬಾರದು.

ಕೆಲವು ಅಂಗಡಿಗಳಲ್ಲಿ ಬೇರೊಂದು ಸಲಹೆ ಸಿಗುತ್ತದೆ: ಹಿಂದಿನ ಸೆನ್ಸರಿಗೆ ಒಂದು ಉದ್ದನೆಯ ನಟ್ಟು ಸೇರಿಸಿ ಅದನ್ನು ಹೊಗೆಯಿಂದ ದೂರ ಸರಿಸುವುದು, ಇಲ್ಲವೇ ಕಂಪ್ಯೂಟರಿನ ಪ್ರೋಗ್ರಾಮನ್ನೇ ತಿದ್ದಿಸಿ ಆ ಪರೀಕ್ಷೆಯನ್ನು ತೆಗೆಸಿಬಿಡುವುದು. ದೀಪ ಆರುತ್ತದೆ, ವಿಷ ಹೊರಬರುತ್ತಲೇ ಇರುತ್ತದೆ. ನಿಜವಾದ ದೋಷ ಬಂದಾಗ ಎಚ್ಚರಿಸುವವರೂ ಇರುವುದಿಲ್ಲ. ಕಾನೂನಿನ ದೃಷ್ಟಿಯಿಂದಲೂ ಇದು ಸಲ್ಲದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಕೂಡದೆಂಬುದನ್ನು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಶಬ್ದ ಮತ್ತು ವಾಯುಮಾಲಿನ್ಯದ ನಿಯಮ ಮೀರಿದ ವಾಹನಕ್ಕೆ 2019ರ ತಿದ್ದುಪಡಿಯ ನಂತರ 10,000 ರೂಪಾಯಿಯ ವರೆಗೆ ದಂಡವಿದೆ. ಕಾರಿನಿಂದ ಗುಡುಗಿನ ಶಬ್ದ ಹೊರಡಬೇಕೆಂದು ಬಯಸುವ ಮನೆಯ ತರುಣರಿಗೂ ಇದನ್ನು ಹೇಳಿಡುವುದು ಒಳ್ಳೆಯದು.

ಕೊನೆಯದಾಗಿ ಹಳೆಯ ಭಾಗದ ವಿಷಯ. 2021ರ ವಸಂತದಲ್ಲಿ ರೋಡಿಯಂ ಬೆಲೆ ಔನ್ಸಿಗೆ ಸುಮಾರು 29,000 ಡಾಲರಿಗೆ ಏರಿದಾಗ ಮುಂಬಯಿ ಮತ್ತು ಆಸುಪಾಸಿನಲ್ಲಿ ಮಾರುತಿ ಈಕೋ ವ್ಯಾನುಗಳ ಸೈಲೆನ್ಸರುಗಳು ರಾತ್ರೋರಾತ್ರಿ ಮಾಯವಾಗುತ್ತಿದ್ದವು. ನೆಲದಿಂದ ಎತ್ತರವಿರುವ ಈ ವ್ಯಾನಿನ ಕೆಳಗೆ ನುಸುಳುವುದು ಸುಲಭ. ಕಳ್ಳರಿಗೆ ಬೇಕಾಗಿದ್ದುದು ಒಳಗಿನ ಲೋಹದ ಪುಡಿ. ತುಕ್ಕು ಹಿಡಿದ ಕೊಳವೆಯೆಂದು ನಾವು ಅಂಗಡಿಯಲ್ಲೇ ಬಿಟ್ಟು ಬರುವುದರೊಳಗೂ ಆ ಲೋಹವೇ ಇದೆ. ಬಿಚ್ಚಿದ ಮೂಲ ಕನ್ವರ್ಟರನ್ನು ನಿಮ್ಮ ಡಿಕ್ಕಿಗೆ ಹಾಕಿಸಿಕೊಂಡು ಬನ್ನಿ. ಹೊಸದು ಸೋತರೆ ಹಳೆಯದನ್ನೇ ಬೆಸುಗೆ ಹಾಕಿಸಿ ಮರಳಿ ಕೂರಿಸಬಹುದು. ನನ್ನ ಕಾರಿನಲ್ಲಿ ಕೊನೆಗೆ ಆದದ್ದೂ ಅದೇ. ತೂತಿದ್ದುದು ಅದರ ಹಿಂದಿನ ಕೊಳವೆಯಲ್ಲಿ ಮಾತ್ರ.