ಎರಡು ಸಿಮ್ಮುಗಳ ಫೋನೂ ಕಾಕಾಕ್ಷಿಗೋಳಕನ್ಯಾಯವೂ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳು ಇಂದು ಬಾಗಲಕೋಟೆ ಜಿಲ್ಲೆಯೊಂದರಲ್ಲಿಯೇ ಇರುವ ನೆರೆಯೂರುಗಳು. 1948ಕ್ಕೆ ಪೂರ್ವದಲ್ಲಿ ಹಾಗಿರಲಿಲ್ಲ. ಜಮಖಂಡಿಯು ಪಟವರ್ಧನರದು, ಮುಧೋಳವು ಘೋರ್ಪಡೆಯವರದು, ಬೀಳಗಿಯು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿದುದು. ಒಂದಕ್ಕೊಂದು ಹೊಂದಿಕೊಂಡಿರುವ ರಬಕವಿ ಬನಹಟ್ಟಿಗಳಲ್ಲಿಯೂ ಮೊದಲನೆಯದು ಸಾಂಗಲಿ ಸಂಸ್ಥಾನಕ್ಕೆ, ಎರಡನೆಯದು ಜಮಖಂಡಿ ಸಂಸ್ಥಾನಕ್ಕೆ ಒಳಪಟ್ಟಿದ್ದಿತು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಲೀನವಾದವು. 1956ರಲ್ಲಿ ಈ ಭಾಗವು ಮೈಸೂರು ರಾಜ್ಯಕ್ಕೆ ಸೇರಿತು. ಹೀಗೆ ನೆಲದ ಮೇಲಣ ಸೀಮೆಗಳು ಅಳಿದ ಅರ್ಧ ಶತಮಾನದೊಳಗಾಗಿ ಬೇರೊಂದು ವಿಧದ ಸೀಮೆಗಳು ಆಕಾಶದಲ್ಲಿ ಹುಟ್ಟಿಕೊಂಡವು.

ಅದೆಂತೆಂದರೆ: 1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯ ತರುವಾಯ ಮೊಬೈಲ್ ಸೇವೆಗಾಗಿ ದೇಶವನ್ನು ಸರ್ಕಲ್ಲುಗಳಾಗಿ ವಿಭಾಗಿಸಿ, ಒಂದೊಂದು ಸರ್ಕಲ್ಲಿಗೆ ಪ್ರತ್ಯೇಕವಾಗಿ ಪರವಾನಗಿಗಳನ್ನು ಕೊಡಲಾಯಿತು. ಕರ್ನಾಟಕವು ಒಂದು ಸರ್ಕಲ್ಲು, ಮಹಾರಾಷ್ಟ್ರವು ಗೋವೆಯೊಡನೆ ಮತ್ತೊಂದು. ರಬಕವಿಯ ಸೀರೆ ವ್ಯಾಪಾರಿಯು ನೂಲಿಗಾಗಿಯೋ ಬಟ್ಟೆಯ ಮಾರಾಟಕ್ಕಾಗಿಯೋ ಇಚಲಕರಂಜಿಗೆ ಹೋದನೆಂದರೆ ಅವನ ಫೋನು ಪರಸೀಮೆಗೆ ಹೋದಂತಾಯಿತು. 2003ರಲ್ಲಿ ಒಳಬರುವ ಕರೆಗಳು ಸ್ವಂತ ಸರ್ಕಲ್ಲಿನಲ್ಲಿ ಉಚಿತವಾದರೂ, ರೋಮಿಂಗಿನಲ್ಲಿ ಅವಕ್ಕೆ ಶುಲ್ಕವು ಉಳಿಯಿತು. ಇದಲ್ಲದೆ ಒಂದೂರಿನಲ್ಲಿ ಸಿಗುವ ಕಂಪನಿಯ ಟವರು ಮತ್ತೊಂದೂರಿನಲ್ಲಿ ಸಿಗದು. ಆದಕಾರಣ ಒಬ್ಬನೇ ಎರಡು ಸಿಮ್ ಕಾರ್ಡುಗಳನ್ನು ಇಟ್ಟುಕೊಳ್ಳುವುದು ವ್ಯವಹಾರಕ್ಕೆ ಅನುಕೂಲವಾದ ಮಾರ್ಗವಾಯಿತು.

ಎರಡು ಕಾರ್ಡುಗಳನ್ನು ಒಂದಾಗಿ ಬೆಸೆಯಬಾರದೇ ಎಂಬ ಪ್ರಶ್ನೆಯು ಇಲ್ಲಿ ಸಹಜ. ಅದು ಶಕ್ಯವಲ್ಲ. 1991ರಲ್ಲಿ ಜರ್ಮನಿಯ ಗೀಸೆಕ್ ಉಂಡ್ ಡೆವ್ರಿಯಂಟ್ ಸಂಸ್ಥೆಯು ಫಿನ್‌ಲೆಂಡಿನ ರೇಡಿಯೋಲಿಂಜಾ ಕಂಪನಿಗೆ ಮಾಡಿಕೊಟ್ಟ ಮೊದಲ ಸಿಮ್ಮುಗಳ ಕಾಲದಿಂದಲೂ ಕಾರ್ಡಿನ ಸಾರವು ಎರಡು: ಗ್ರಾಹಕನನ್ನು ಗುರುತಿಸುವ, ಹೆಚ್ಚೆಂದರೆ 15 ಅಂಕೆಗಳ ಸಂಖ್ಯೆಯೊಂದು, ಕಾರ್ಡಿನಿಂದ ಎಂದೂ ಹೊರಬಾರದ ಗುಪ್ತ ಕೀಲಿಯೊಂದು. ಸಂಖ್ಯೆಯ ಮೊದಲ ಮೂರು ಅಂಕೆಗಳು ದೇಶದವು. ಭಾರತಕ್ಕೆ 404 ಮತ್ತು 405. ಜಾಲವು ಒಂದು ಪ್ರಶ್ನಾಂಕವನ್ನು ಕಳುಹುವುದು; ಕಾರ್ಡು ತನ್ನ ಕೀಲಿಯಿಂದ ಅದಕ್ಕೆ ಉತ್ತರವನ್ನು ಗಣಿಸಿ ಕೊಡುವುದು. ಉತ್ತರವು ಸರಿಯಾದರೆ ಮಾತ್ರ ಪ್ರವೇಶ. ಎರಡು ಕಾರ್ಡುಗಳೆಂದರೆ ಎರಡು ಜಾಲಗಳ ದೃಷ್ಟಿಯಲ್ಲಿ ಇಬ್ಬರು ಬೇರೆ ಬೇರೆ ಗ್ರಾಹಕರೇ ಸರಿ.

2000ದಲ್ಲಿ ಫಿನ್‌ಲೆಂಡಿನ ಬೆನಿಫೋನ್ ಕಂಪನಿಯು 'ಟ್ವಿನ್' ಎಂಬ, ಎರಡು ಕಾರ್ಡುಗಳಿಗೆ ಸ್ಥಳವುಳ್ಳ ಫೋನನ್ನು ಹೊರತಂದಿತು. ಮುಂದಿನ ದಶಕದಲ್ಲಿ ಭಾರತದ ಪೇಟೆಗಳಲ್ಲಿ ಅಗ್ಗದ ದ್ವಿಸಿಮ್ ಫೋನುಗಳು ತುಂಬಿದವು. ಇವುಗಳಲ್ಲಿ ಎರಡು ಜಾಲಗಳು ಏಕಕಾಲದಲ್ಲಿ ದೊರೆಯುತ್ತವೆಂಬುದು ಜನರ ನಂಬಿಕೆ. ಶಾಸ್ತ್ರಪರಿಭಾಷೆಯಲ್ಲಿ ಹೇಳುವುದಾದರೆ ಅವರು ಇಲ್ಲಿ ದೇಹಲೀದೀಪನ್ಯಾಯವನ್ನು ಭಾವಿಸುತ್ತಾರೆ: ಹೊಸ್ತಿಲ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಒಮ್ಮೆಗೇ ಬೆಳಗುವುದಷ್ಟೆ. ವಸ್ತುಸ್ಥಿತಿಯಾದರೋ ಕಾಕಾಕ್ಷಿಗೋಳಕನ್ಯಾಯದ್ದು. ಕಾಗೆಗೆ ಕಣ್ಣುಗುಡ್ಡೆ ಒಂದೇ, ಅದನ್ನು ಬೇಕಾದಾಗ ಆ ಕಡೆಗೂ ಈ ಕಡೆಗೂ ಹೊರಳಿಸುವುದೆಂಬ ಹಳೆಯ ನಂಬಿಕೆಯೇ ಈ ನ್ಯಾಯಕ್ಕೆ ಮೂಲ.

ಸಾಮಾನ್ಯ ದ್ವಿಸಿಮ್ ಫೋನಿನಲ್ಲಿ ರೇಡಿಯೋ ಯಂತ್ರವು ಒಂದೇ. ಸುಮ್ಮನಿರುವ ಫೋನು ಸದಾ ಆಲಿಸುತ್ತಿರುವುದಿಲ್ಲ. 'ನಿನಗೆ ಕರೆ ಬಂದಿದೆ' ಎಂಬ ಕೂಗನ್ನು ಜಾಲವು ಗೊತ್ತಾದ ಕ್ಷಣಗಳಲ್ಲಿ ಮಾತ್ರ ಹೊರಡಿಸುವುದು. ಜಿಎಸ್ಎಂ ಪದ್ಧತಿಯಲ್ಲಿ ಆ ಅಂತರವು ಸುಮಾರು ಅರ್ಧ ಸೆಕೆಂಡಿನಿಂದ ಎರಡು ಸೆಕೆಂಡುಗಳವರೆಗೆ. ಆ ಕ್ಷಣಕ್ಕೆ ಎಚ್ಚೆತ್ತು, ಕೇಳಿ, ಫೋನು ಮರಳಿ ಮಲಗುವುದು. ಈ ಎಡೆಯಲ್ಲಿಯೇ ಅದು ಎರಡನೆಯ ಜಾಲದ ಕೂಗಿಗೂ ಕಿವಿಗೊಡುತ್ತದೆ. ಎರಡು ಕೂಗುಗಳು ಒಂದೇ ಕ್ಷಣಕ್ಕೆ ಬಿದ್ದರೆ ಒಂದನ್ನು ಬಿಡಲೇಬೇಕು. ಒಂದು ಕಾರ್ಡಿನಲ್ಲಿ ಮಾತು ಆರಂಭವಾಯಿತೋ, ಯಂತ್ರವು ಅದರಲ್ಲಿಯೇ ತೊಡಗುವುದರಿಂದ ಇನ್ನೊಂದು ಜಾಲದ ಕೂಗು ಅರಣ್ಯರೋದನವಾಗುವುದು. ಕರೆದವನಿಗೆ ಕೇಳುವುದು 'ಸಂಪರ್ಕಕ್ಕೆ ಸಿಗುತ್ತಿಲ್ಲ' ಎಂಬ ಉತ್ತರ. ಎರಡು ರೇಡಿಯೋ ಯಂತ್ರಗಳುಳ್ಳ ಫೋನುಗಳಲ್ಲಿ ಈ ದೋಷವಿಲ್ಲವಾದರೂ ಬೆಲೆಯೂ ಬ್ಯಾಟರಿಯ ವ್ಯಯವೂ ಹೆಚ್ಚು.

ಗಮನಿಸತಕ್ಕ ಅಂಶವೊಂದುಂಟು. ಬಹುಕಾಲ ಒಂದು ಜಾಲಕ್ಕೆ ಮತ್ತೊಂದರ ಅಸ್ತಿತ್ವವೇ ತಿಳಿಯದು. ಪ್ರತಿಯೊಂದೂ ಫೋನು ತನ್ನದೆಂದೇ ಎಣಿಸುತ್ತಿದ್ದಿತು. ಹೊಂದಾಣಿಕೆಯ ಹೊರೆಯೆಲ್ಲವೂ ಫೋನಿನದೇ. ಎರಡು ಪ್ರಭುತ್ವಗಳ ಗಡಿಯಲ್ಲಿ ಬಾಳುವವನ ಸ್ಥಿತಿಯೂ ಇಂಥದೇ ಅಲ್ಲವೆ? 2022ರಲ್ಲಿ ಪೂರ್ಣವಾದ ತ್ರೀಜಿಪಿಪಿ ಸಂಸ್ಥೆಯ 17ನೆಯ ಆವೃತ್ತಿಯ ನಿಯಮಗಳಲ್ಲಿ, 'ಈಗ ಬೇರೆಡೆ ಕಾರ್ಯವಿದೆ' ಎಂದು ಫೋನು ಜಾಲಕ್ಕೆ ತಿಳಿಸುವ ವಿಧಾನವು ಮೊದಲಬಾರಿಗೆ ಸೇರಿತು. ಜಾಲವೂ ಫೋನೂ ಎರಡೂ ಅದನ್ನು ಅಳವಡಿಸಿಕೊಂಡಲ್ಲಿ ಮಾತ್ರ ಅದು ಸಫಲ.

2015ರ ಜುಲೈಯಿಂದ ಒಂದೇ ನಂಬರನ್ನು ದೇಶದ ಯಾವ ಸರ್ಕಲ್ಲಿಗಾದರೂ ಒಯ್ಯಬಹುದಾಯಿತು. ಅನಂತರದ ವರ್ಷಗಳಲ್ಲಿ ದೇಶದೊಳಗಿನ ರೋಮಿಂಗ್ ಶುಲ್ಕವೂ ಬಹುಮಟ್ಟಿಗೆ ಅಳಿಯಿತು. ಸಂಸ್ಥಾನಗಳ ಸೀಮೆಯಂತೆ ಈ ಸೀಮೆಯೂ ಇತಿಹಾಸಕ್ಕೆ ಸಂದಿತು. ಎರಡನೆಯ ಕಾರ್ಡು ಮಾತ್ರ ಉಳಿದಿದೆ. ಆದಕಾರಣ ಬನಹಟ್ಟಿಯ ನೇಕಾರನು ಕರೆಗೆ ಸಿಗದಿದ್ದರೆ ಮುಂಬಯಿಯ ಸಾಹುಕಾರನು ಅದನ್ನು ಉಪೇಕ್ಷೆಯೆಂದು ಬಗೆದು ಬೇರೊಬ್ಬನಿಗೆ ಮಾಲಿನ ಬೇಡಿಕೆಯನ್ನು ಕೊಡುವ ಮುನ್ನ ಸ್ವಲ್ಪ ತಾಳುವುದು ಯುಕ್ತ. ಕಣ್ಣುಗುಡ್ಡೆಯು ಆಗ ಮತ್ತೊಂದು ಕಡೆಗೆ ಹೊರಳಿರಬಹುದು.