ಮಾನವ ಮೈಕ್ರೊಬಯೋಮ್ ಮತ್ತು ಮಂಡ್ಯ ಸೀಮೆಯ ಊಟ

ಮನುಷ್ಯನ ಕರುಳು, ಬಾಯಿ, ಚರ್ಮಗಳಲ್ಲಿ ನೆಲೆಸಿರುವ ಬ್ಯಾಕ್ಟೀರಿಯ, ಶಿಲೀಂಧ್ರ, ವೈರಸ್‌ಗಳ ಸಮೂಹವೇ ಮೈಕ್ರೊಬಯೋಮ್. 2016ರ ಲೆಕ್ಕದ ಪ್ರಕಾರ 70 ಕಿಲೋ ತೂಗುವ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳಿವೆ. ದೇಹದ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಒಂದು ಜೀವಕೋಶಕ್ಕೆ ಹತ್ತು ಬ್ಯಾಕ್ಟೀರಿಯ ಎಂಬ ಹಳೆಯ ಮಾತು ಹುಸಿಯಾದರೂ ಪುಸ್ತಕಗಳಿಂದ ಇನ್ನೂ ತೊಲಗಿಲ್ಲ.

1683ರಲ್ಲಿ ಸೂಕ್ಷ್ಮದರ್ಶಕಗಳ ನಿಪುಣ ಲೇವನ್‌ಹುಕ್ ಹಲ್ಲಿನ ಕೊಳೆಯಲ್ಲಿ ಓಡಾಡುವ ಜೀವಿಗಳನ್ನು ಕಂಡ. 1885ರಲ್ಲಿ ವೈದ್ಯ ಎಶರಿಶ್ ಶಿಶುಗಳ ಮಲದಲ್ಲಿ ಇ. ಕೋಲಿ ಬ್ಯಾಕ್ಟೀರಿಯವನ್ನು ಗುರುತಿಸಿದ. 1908ರಲ್ಲಿ ನೊಬೆಲ್ ಪಡೆದ ಜೀವವಿಜ್ಞಾನಿ ಮೆಚ್ನಿಕಾಫ್, ಮೊಸರಿನ ಬ್ಯಾಕ್ಟೀರಿಯ ಆಯುಸ್ಸು ಹೆಚ್ಚಿಸುತ್ತವೆ ಎಂದು ವಾದಿಸಿದ್ದ. ಕರುಳೂ ಸೇರಿದಂತೆ ದೇಹದಲ್ಲಿ ನೆಲೆಸಿದ ಜೀವಿಗಳನ್ನು ವಂಶವಾಹಿಗಳ ಮೂಲಕ ಪಟ್ಟಿಮಾಡುವ ಅಮೆರಿಕದ ದೊಡ್ಡ ಯೋಜನೆ ಆರಂಭವಾದದ್ದು 2007ರಲ್ಲಿ.

ಕರುಳಿನ ಜೀವಿಗಳಿಗೆ ಮುಖ್ಯ ಮೇವು ನಾವು ಜೀರ್ಣಿಸಲಾರದ ನಾರು. ಮಂಡ್ಯ, ಮದ್ದೂರು, ಮಳವಳ್ಳಿಯ ಊಟದ ಕಥೆ ಇಲ್ಲಿ ಸೇರುತ್ತದೆ. ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿಯುವ ಮೊದಲು, ಕೆರೆಯ ಕೆಳಗಿನ ಗದ್ದೆ ಬಿಟ್ಟರೆ ಉಳಿದದ್ದು ಬಹುಪಾಲು ರಾಗಿ, ಅವರೆ, ಹುರುಳಿಯ ಹೊಲ. ನಾಲೆಯ ಹಿಂದೆಯೇ ಕಬ್ಬು, ಭತ್ತ ಬಂದವು. ರಾಗಿಯ ಕಾಳು ಸಣ್ಣದು, ಸಿಪ್ಪೆ ತಿರುಳಿಗೆ ಅಂಟಿಕೊಂಡದ್ದು. ಅದಕ್ಕೇ ಇಡಿಯಾಗಿ ಬೀಸುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ ನಾರು 11.2 ಗ್ರಾಂ, ಪಾಲಿಶ್ ಅಕ್ಕಿಗೆ 2.8. ಕಬ್ಬು, ಭತ್ತ ಬಂದರೂ ರಾಗಿ ಅಳಿಯಲಿಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮಿನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ತಳಿಗಳನ್ನು ಬೆರೆಸಿ ಇಂಡಾಫ್ ರಾಗಿ ರೂಪಿಸಿದರು, ಇಳುವರಿ ಏರಿತು.

ದೊಡ್ಡ ಕರುಳಿನ ಬ್ಯಾಕ್ಟೀರಿಯ ನಾರನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ಮಾಡುತ್ತವೆ. ದೊಡ್ಡ ಕರುಳಿನ ಒಳಪದರಕ್ಕೆ ಶಕ್ತಿ ಮುಖ್ಯವಾಗಿ ಬ್ಯುಟಿರೇಟ್‌ನಿಂದ. ಅವರೆಕಾಳಿನ ಸಾರು ಉಂಡಮೇಲಿನ ವಾಯುವೂ ಈ ಬ್ಯಾಕ್ಟೀರಿಯಗಳದೇ ಕೆಲಸ, ರೋಗವಲ್ಲ. ರಾತ್ರಿಯ ಹಿಟ್ಟನ್ನು, ಅಂದರೆ ರಾಗಿ ಮುದ್ದೆಯನ್ನು, ಬೆಳಗ್ಗೆ ಮಜ್ಜಿಗೆಗೆ ಕಿವುಚಿ ಕುಡಿಯುವ ತಂಗಳಿಟ್ಟನ್ನು ಬಡವರ ಊಟವೆಂದು ಕಡೆಗಣಿಸಿದ್ದು ಅನ್ಯಾಯ: ಬೆಂದು ಆರಿದ ಪಿಷ್ಟದ ಒಂದು ಪಾಲು ಜೀರ್ಣರಸಕ್ಕೆ ಜಗ್ಗದೆ ದೊಡ್ಡ ಕರುಳಿಗಿಳಿದು ನಾರಿನಂತೆಯೇ ಒದಗುತ್ತದೆ. ಮಜ್ಜಿಗೆಯ ಬ್ಯಾಕ್ಟೀರಿಯ ಮಾತ್ರ ಸಾಮಾನ್ಯವಾಗಿ ಅಲ್ಲಿ ಕಾಯಂ ನೆಲೆಸುವುದಿಲ್ಲ, ಹಾದುಹೋಗುತ್ತವೆ.

ದೇಹಕ್ಕೆ ಬೇಕಾದ ಎಲ್ಲವನ್ನೂ ಕರುಳಿನ ಬ್ಯಾಕ್ಟೀರಿಯ ಒದಗಿಸಲಾರವು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಆಲ್ಬರ್ಟ್, ಮಥನ್, ಬೇಕರ್ ಅವರು ಸಣ್ಣ ಕರುಳಿನ ಕೆಲವು ಬ್ಯಾಕ್ಟೀರಿಯ ವಿಟಮಿನ್ ಬಿ12 ತಯಾರಿಸಬಲ್ಲವೆಂದು 1980ರಲ್ಲಿ ತೋರಿಸಿದರು. ಆದರೆ ದೊಡ್ಡ ಕರುಳಿನಲ್ಲಿ ತಯಾರಾದ ಬಿ12 ಬಹುಮಟ್ಟಿಗೆ ದೇಹಕ್ಕೆ ದಕ್ಕದು, ಏಕೆಂದರೆ ಅದನ್ನು ಹೀರಿಕೊಳ್ಳುವ ಜಾಗ ಸಣ್ಣ ಕರುಳಿನ ಕೊನೆಯಲ್ಲೇ ಮುಗಿದುಹೋಗಿರುತ್ತದೆ.