ಮಗ್ಗ ಕಾಣದ ಬಟ್ಟೆ

ಹೋದ ಮಾಗಿಯಲ್ಲಿ ನಮ್ಮ ಮನೆಯಲ್ಲಿ ಒಂದು ಸಣ್ಣ ಅನಾಹುತ ನಡೆಯಿತು. ನಾನು ಎಂ.ಎ. ಓದುತ್ತಿದ್ದಾಗ ನನ್ನ ತಾಯಿ ಕೈಯಾರೆ ಹೆಣೆದುಕೊಟ್ಟಿದ್ದ ಬೂದು ಬಣ್ಣದ ಉಣ್ಣೆಯ ಸ್ವೆಟರೊಂದು, ಹಲವು ಚಳಿಗಾಲಗಳನ್ನು ನನ್ನ ಮೈಮೇಲೆ ಕಳೆದು, ಕಡೆಗೆ ಪೆಟ್ಟಿಗೆಯ ತಳದಲ್ಲಿ ವಿಶ್ರಾಂತಿ ಪಡೆಯುತ್ತಿತ್ತು. ಅದನ್ನು ಹೊರಗೆ ತೆಗೆದು, ಶುಚಿಯಾಗಲೆಂಬ ಸದುದ್ದೇಶದಿಂದಲೇ ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕಿ, ಬಿಸಿನೀರಿನ ಗುಂಡಿಯನ್ನು ಒತ್ತಿದೆ. ಗಂಟೆ ಕಳೆದು ಮುಚ್ಚಳ ತೆಗೆದಾಗ ಕೈಗೆ ಬಂದದ್ದು ಐದು ವರ್ಷದ ಮಗುವಿಗೆ ಹೇಳಿ ಮಾಡಿಸಿದಂತಹ ಅಂಗಿ! ಹೆಣಿಗೆಯ ಕಣ್ಣುಗಳೆಲ್ಲ ಮುಚ್ಚಿಹೋಗಿದ್ದವು. ಬಟ್ಟೆ ರಟ್ಟಿನಷ್ಟು ದಪ್ಪವಾಗಿತ್ತು.

ನನ್ನ ತಾಯಿಗೆ ಈಗ ಕಣ್ಣು ಮಂಜು. ಬೆರಳುಗಳ ಗಂಟುನೋವಿನಿಂದ ಕಡ್ಡಿ ಹಿಡಿಯುವುದನ್ನು ಬಿಟ್ಟು ಆರು ವರ್ಷವಾಯಿತು. ಇನ್ನೊಂದು ಸ್ವೆಟರನ್ನು ಅವರು ಹೆಣೆಯಲಾರರು. ಅಪರಾಧಿಯಂತೆ ಹೋಗಿ ಅವರ ಮಡಿಲಲ್ಲಿ ಅದನ್ನು ಇಟ್ಟೆ. ಅವರು ಬಹಳ ಹೊತ್ತು ಅದನ್ನು ಸವರಿ, ಹಿಚುಕಿ, ಅಂಚನ್ನು ಉಗುರಿನಿಂದ ಗೀರಿ ನೋಡಿ, "ಇದು ಹಾಳಾಗಿಲ್ಲ ಕಣೋ. ಬೇರೆ ಏನೋ ಆಗಿದೆ" ಎಂದರು.

ಆ ಮಾತು ನನ್ನನ್ನು ಪುಸ್ತಕ ಭಂಡಾರಕ್ಕೆ ಅಟ್ಟಿತು. ಹಳಗನ್ನಡ ಕಾವ್ಯ ಹುಡುಕುವ ಕಪಾಟುಗಳನ್ನು ದಾಟಿ, ಉಣ್ಣೆಯ ಚರಿತ್ರೆಯಿರುವ ಕಪಾಟಿನ ಮುಂದೆ ಅನೇಕ ಸಂಜೆಗಳನ್ನು ಕಳೆದೆ. ನನ್ನ ತಾಯಿ ಹೇಳಿದ್ದು ಅಕ್ಷರಶಃ ನಿಜವೆಂದು ತಿಳಿಯಿತು. ನನ್ನ ಸ್ವೆಟರು ಫೆಲ್ಟ್ ಆಗಿತ್ತು. ಪಾರಸಿಯವರು ಇದನ್ನು 'ನಮದ್' ಎನ್ನುತ್ತಾರೆ. ಕಾಶ್ಮೀರದಿಂದ ಕಚ್ಛದವರೆಗೆ ಅದೇ 'ನಮದಾ' ಆಗಿದೆ. ಈ ಲೇಖನದಲ್ಲಿ ನಾನೂ ಹಾಗೆಯೇ ಕರೆಯುತ್ತೇನೆ.

ನಮದಾ ಎಂದರೆ ನೂಲದ, ನೇಯದ ಬಟ್ಟೆ. ಹತ್ತಿಯಾಗಲಿ ರೇಷ್ಮೆಯಾಗಲಿ ಎಳೆಯಾಗಬೇಕು, ಹಾಸುಹೊಕ್ಕಾಗಬೇಕು, ಆಗಲೇ ಬಟ್ಟೆ. ಕುರಿಯ ಉಣ್ಣೆಗೆ ಈ ನಿರ್ಬಂಧವಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉಣ್ಣೆಯ ಕೂದಲಿನ ಮೇಲೆ ಮೀನಿನ ಮೈಯಂತೆ ಸಣ್ಣ ಹುರುಪೆಗಳು ಕಾಣುತ್ತವೆ. ಬಿಸಿನೀರೂ ಸಾಬೂನೂ ತಗುಲಿದಾಗ ಕೂದಲು ಮೆದುವಾಗಿ ಜಾರುತ್ತದೆ. ಉಜ್ಜಿದಂತೆಲ್ಲ ಅದು ಮುಂದಕ್ಕೆ ಸರಿದು ಪಕ್ಕದ ಕೂದಲುಗಳ ನಡುವೆ ನುಗ್ಗುತ್ತದೆ. ಹುರುಪೆಗಳ ತಡೆಯಿಂದ ಹಿಂದಕ್ಕೆ ಬರಲಾರದು. ತಲೆಗೂದಲು ಸಿಕ್ಕುಗಟ್ಟಿದರೆ ನಮ್ಮ ತಾಯಂದಿರು ಬೈಯುತ್ತಾರೆ. ಆ ಸಿಕ್ಕನ್ನೇ ಒಂದು ವಿದ್ಯೆಯನ್ನಾಗಿ ಮಾಡಿಕೊಂಡವರೇ ನಮದಾ ಕುಶಲಿಗರು. ಒಮ್ಮೆ ನಮದಾ ಆದ ಉಣ್ಣೆ ಮತ್ತೆ ಬಿಡಿ ಕೂದಲಾಗುವುದಿಲ್ಲ.

ನಮ್ಮ ಕಂಬಳಿಯೂ ಇದೇ ತಾನೆ ಎಂದು ವಾಚಕರು ಕೇಳಬಹುದು. ಅಲ್ಲ. ಚಳ್ಳಕೆರೆಯ ಕಡೆಯ ಕಂಬಳಿಯಾಗಲಿ, ಹಾವೇರಿ ಸೀಮೆಯ ಕಂಬಳಿಯಾಗಲಿ, ಕುರುಬರ ಹೆಂಗಸರು ನೂತು, ಗಂಡಸರು ಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿ ಹಾಕಿ ಗಟ್ಟಿಮಾಡಿದ್ದು. ಮಳೆಯಲ್ಲಿ ಕೊಪ್ಪೆ, ರಾತ್ರಿ ಹಾಸಿಗೆ, ಮಂಗಳಕಾರ್ಯದಲ್ಲಿ ದೇವರ ಗದ್ದುಗೆ ಆಗುವ ಕಂಬಳಿ ನೆಲೆನಿಂತ ಊರಿನ ಮಗ್ಗವನ್ನು ಕಂಡ ಬಟ್ಟೆ. ನಮದಾ ಮಗ್ಗವನ್ನೇ ಕಾಣದ್ದು, ಊರನ್ನೂ ಕಾಣದ್ದೆನ್ನಬಹುದು. ಹುಲ್ಲು ಹುಡುಕಿಕೊಂಡು ತಿಂಗಳಿಗೊಂದು ಬಯಲಿಗೆ ಸಾಗುವ ಜನಕ್ಕೆ ಕುರಿ, ನೀರು, ಒಂದು ಚಾಪೆ, ನಾಲ್ಕು ಜೊತೆ ಕೈ ಇಷ್ಟಿದ್ದರೆ ಸಾಕು, ನಮದಾ ಆಗುತ್ತದೆ. ಆದ್ದರಿಂದಲೇ ಅದರ ತೌರುಮನೆ ಮಧ್ಯ ಏಷ್ಯದ ಹುಲ್ಲುಗಾವಲು.

ಅದನ್ನು ಮಾಡುವ ಕ್ರಮ ಇಂದಿಗೂ ಹೆಚ್ಚು ಬದಲಾಗಿಲ್ಲ. ಕತ್ತರಿಸಿದ ಉಣ್ಣೆಯನ್ನು ಕೋಲುಗಳಿಂದ ಬಡಿದು ಹಿಂಜುತ್ತಾರೆ. ಜೊಂಡಿನ ಚಾಪೆಯ ಮೇಲೆ ಪದರ ಪದರವಾಗಿ ಹರಡಿ ಬಿಸಿನೀರು ಚಿಮುಕಿಸುತ್ತಾರೆ. ಚಾಪೆಸಹಿತ ಸುರುಳಿ ಸುತ್ತಿ, ಹಗ್ಗದಿಂದ ಬಿಗಿದು, ಸಾಲಾಗಿ ನಿಂತು ಕಾಲಿನಿಂದ ಒದ್ದು ಉರುಳಿಸುತ್ತಾರೆ. ಮಂಗೋಲಿಯದಲ್ಲಿ ಸುರುಳಿಯನ್ನು ಕುದುರೆಗೆ ಕಟ್ಟಿ ಬಯಲಿನುದ್ದಕ್ಕೂ ಎಳೆಸುವುದೂ ಉಂಟು. ಆಮೇಲೆ ಸುರುಳಿ ಬಿಚ್ಚಿ, ಹೆಂಗಸರು ಮೊಣಕಾಲೂರಿ ಕುಳಿತು, ಮುಂಗೈಗಳಿಂದ ಮತ್ತೆ ಮತ್ತೆ ಹೊರಳಿಸಿ ಒತ್ತುತ್ತಾರೆ. ಹೀಗೆ ಗಂಟೆಗಟ್ಟಲೆ ದುಡಿದ ಮೇಲೆ ಹಾಸು ಬಿಗಿಯಾಗುತ್ತದೆ.

ಚರಿತ್ರೆಯ ಪಿತಾಮಹನೆನಿಸಿದ ಗ್ರೀಕರ ಹೆರೊಡೋಟಸನು ಕ್ರಿ.ಪೂ. 5ನೆಯ ಶತಮಾನದಲ್ಲಿಯೇ ಈ ಬಟ್ಟೆಯ ವಿಚಾರ ಬರೆದಿದ್ದಾನೆ. ಸಿಥಿಯನರು ಶವಸಂಸ್ಕಾರದ ಮೇಲೆ ನಮದಾ ಹೊದಿಸಿದ ಚಿಕ್ಕ ಗುಡಾರದೊಳಗೆ ಹೊಕ್ಕು ಹಬೆಯಿಂದ ಮೈಶುದ್ಧಿ ಮಾಡಿಕೊಳ್ಳುತ್ತಿದ್ದರಂತೆ. ದೂರದ ಇನ್ನೊಂದು ಜನ ಚಳಿಗಾಲದಲ್ಲಿ ಮರಕ್ಕೆ ದಪ್ಪನಾದ ಬಿಳಿಯ ನಮದಾ ಹೊದಿಸಿ ಅದರಡಿಯಲ್ಲಿ ವಾಸಮಾಡುತ್ತಿದ್ದರಂತೆ. ಇಂಥ ಮಾತುಗಳನ್ನು ಓದಿದವರಿಗೆ ಇದು ಪ್ರವಾಸಿಯ ಕಟ್ಟುಕಥೆಯೆಂದು ತೋರಿದ್ದರೆ ಆಶ್ಚರ್ಯವಿಲ್ಲ.

ಆದರೆ ಸಾಕ್ಷಿ ಸಿಕ್ಕಿತು. ದಕ್ಷಿಣ ಸೈಬೀರಿಯದ ಅಲ್ತಾಯ್ ಪರ್ವತದಲ್ಲಿ ಪಾಜಿರಿಕ್ ಎಂಬ ಕಣಿವೆಯಿದೆ. ಅಲ್ಲಿನ ಕಲ್ಲುಗುಪ್ಪೆಗಳ ಕೆಳಗಿದ್ದ ಸಮಾಧಿಗಳಲ್ಲಿ ಮೊದಲನೆಯದನ್ನು 1929ರಲ್ಲಿ ಗ್ರಿಯಾಜ್ನೊವ್ ಅವರೂ, ಉಳಿದವನ್ನು 1947ರಿಂದ 1949ರವರೆಗೆ ಸೆರ್ಗೆಯ್ ರುಡೆಂಕೊ ಅವರೂ ಅಗೆಸಿದರು. ಸುಮಾರು 2300 ವರ್ಷಗಳ ಹಿಂದಿನ ಈ ಸಮಾಧಿಗಳೊಳಗೆ ನೀರು ಇಳಿದು ಹೆಪ್ಪುಗಟ್ಟಿ, ಮತ್ತೆ ಕರಗದೆ ಉಳಿದಿತ್ತು. ಆ ಮಂಜುಗಡ್ಡೆಯಲ್ಲಿ ಕುದುರೆಗಳೂ ಚರ್ಮವೂ ಉಣ್ಣೆಯೂ ಕೆಡದೆ ಉಳಿದಿದ್ದವು. ಐದನೆಯ ಸಮಾಧಿಯಿಂದ ಸುಮಾರು ನಾಲ್ಕೂವರೆ ಮೀಟರು ಅಗಲ, ಆರೂವರೆ ಮೀಟರು ಉದ್ದದ ನಮದಾ ತೆರೆಯೊಂದು ಹೊರಬಂತು. ಪೀಠದ ಮೇಲೆ ಕುಳಿತ ಒಬ್ಬ ದೇವಿ, ಕೈಯಲ್ಲಿ ಹೂಬಿಟ್ಟ ಕೊಂಬೆ; ಅವಳೆದುರಿಗೆ ಮೀಸೆ ತಿರುವಿದ ಕುದುರೆ ಸವಾರ. ಅದೇ ದೃಶ್ಯ ಸಾಲುಸಾಲಾಗಿ ಪುನರಾವರ್ತನೆಯಾಗಿದೆ. ಅದರೊಡನೆ ನಮದಾದಿಂದಲೇ ಹೊಲಿದು, ಒಳಗೆ ತುಂಬಿ ಮಾಡಿದ ಬಿಳಿಯ ಹಂಸಗಳು. ಇವೆಲ್ಲ ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟಾಜ್ ವಸ್ತುಸಂಗ್ರಹಾಲಯದಲ್ಲಿವೆ.

ಈ ವೃತ್ತಾಂತದಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೊಂದು. ಆ ಸಮಾಧಿಗಳಿಗೆ ಪ್ರಾಚೀನ ಕಾಲದಲ್ಲಿಯೇ ಕಳ್ಳರು ಕನ್ನ ಹಾಕಿದ್ದರು. ಚಿನ್ನವನ್ನು ಹೊತ್ತುಕೊಂಡು ಹೋದರು, ಉಣ್ಣೆಯನ್ನು ಮುಟ್ಟಲಿಲ್ಲ. ಅವರು ಕೊರೆದ ಕನ್ನದಿಂದಲೂ ನೀರು ಇಳಿದು, ಅವರು ಬೇಡವೆಂದು ಬಿಟ್ಟದ್ದನ್ನೇ ಕಾಪಾಡಿತು. ಅರಸನ ಹೆಸರು ಉಳಿಯಲಿಲ್ಲ, ಬಂಗಾರ ಉಳಿಯಲಿಲ್ಲ. ಹೆಸರಿಲ್ಲದ ಕೈಗಳು ಒತ್ತಿ ಮಾಡಿದ ಹಂಸ ಉಳಿಯಿತು.

ಆ ಕೈಗಳು ಯಾರವು? 1253ರಲ್ಲಿ ಮಂಗೋಲರ ಖಾನ್ ಮೋಂಗ್ಕೆಯ ಆಸ್ಥಾನಕ್ಕೆ ಹೊರಟ ರುಬ್ರುಕ್‌ನ ವಿಲಿಯಂ ಎಂಬ ಕ್ರೈಸ್ತ ಸಂನ್ಯಾಸಿ ಕಣ್ಣಾರೆ ಕಂಡದ್ದನ್ನು ಬರೆದಿಟ್ಟಿದ್ದಾನೆ. ಬಿದಿರುಬುಟ್ಟಿಯಂತೆ ಹೆಣೆದ ಚೌಕಟ್ಟಿಗೆ ಬಿಳಿಯ ನಮದಾ ಹೊದಿಸಿದ ಮನೆಗಳು. ಮನೆಯನ್ನು ಇಡಿಯಾಗಿ ಬಂಡಿಯ ಮೇಲೆ ಏರಿಸಿ ಸಾಗಿಸುವುದು. ಒಂದು ಬಂಡಿಗೆ ಇಪ್ಪತ್ತೆರಡು ಎತ್ತುಗಳನ್ನು ಕಟ್ಟಿದ್ದನ್ನು ಅವನು ಎಣಿಸಿದ್ದಾನೆ. ಗಂಡಸರ ಕೆಲಸ, ಹೆಂಗಸರ ಕೆಲಸ ಎಂದು ವಿಂಗಡಿಸುವಾಗ ಬಿಲ್ಲುಬಾಣಗಳನ್ನು ಗಂಡಸರ ಪಾಲಿಗೂ, ನಮದಾ ಮಾಡಿ ಮನೆಗೆ ಹೊದಿಸುವುದನ್ನು ಹೆಂಗಸರ ಪಾಲಿಗೂ ಹಾಕಿದ್ದಾನೆ. ಅರ್ಧ ಏಷ್ಯವನ್ನು ಗೆದ್ದ ಸೇನೆಯ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿದೆ. ಆ ಸೇನೆ ರಾತ್ರಿ ತಲೆಯಿಟ್ಟು ಮಲಗಿದ ಮನೆಯನ್ನು ಒತ್ತಿ ಮಾಡಿದವರು ಆ ಪುಸ್ತಕಗಳಲ್ಲಿ ಇಲ್ಲ. ಎಷ್ಟೋ ವರ್ಷಗಳಿಂದ ಪಾಠ ಹೇಳುವ ನನಗೂ ಇದು ಹೊಳೆದಿರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ನಮ್ಮ ದೇಶಕ್ಕೆ ಬಂದರೆ, ಕಾಶ್ಮೀರದ ನಮದಾ ಹೆಸರಾಂತದ್ದು. ಒಂದು ಕಾಲದಲ್ಲಿ ಖೋತಾನ್, ಯಾರ್ಕಂದ್‌ಗಳಿಂದ ಲೇಹದ ದಾರಿಯಾಗಿ ನಮದಾ ಹಾಸುಗಳು ಶ್ರೀನಗರಕ್ಕೆ ಬರುತ್ತಿದ್ದವು; ಅಲ್ಲಿನ ಕಸೂತಿಗಾರರು ಕೊಕ್ಕೆಯಂತಹ ಆರಿಯಿಂದ ಬಣ್ಣದ ಹೂಬಳ್ಳಿಗಳನ್ನು ಅವುಗಳ ಮೇಲೆ ಬಿಡಿಸುತ್ತಿದ್ದರು. ರಾಜಸ್ಥಾನದ ಟೋಂಕ್ ಪಟ್ಟಣದಲ್ಲಿಯೂ ಗುಜರಾತಿನ ಕಚ್ಛದಲ್ಲಿಯೂ ಈ ಕಸುಬು ಇದೆ. ಕಚ್ಛದಲ್ಲಿ ಇದನ್ನು ಮಾಡುವವರಲ್ಲಿ ಪಿಂಜಾರರು ಮುಖ್ಯರೆಂದು ಓದಿದಾಗ ನನ್ನ ಕಿವಿ ನೆಟ್ಟಗಾಯಿತು. ನಮ್ಮ ಊರುಗಳಲ್ಲಿ ಬಿಲ್ಲು ಹೆಗಲಿಗೇರಿಸಿ, ಟಂಯ್ ಟಂಯ್ ಎಂದು ನಾರಿ ಮಿಡಿಯುತ್ತ ಹಾಸಿಗೆಯ ಹತ್ತಿ ಹಿಂಜಲು ಬರುತ್ತಿದ್ದವರೂ ಪಿಂಜಾರರೇ. 'ಹಿಂಜು' ಎಂಬ ನಮ್ಮ ಮಾತಿಗೂ ಅವರ ಹೆಸರಿಗೂ ಇರುವ ನೆಂಟಸ್ತಿಕೆ, ಹಳಗನ್ನಡದ ಪಕಾರ ಹಕಾರವಾಗುವ ಬಗೆ ಬಲ್ಲವರಿಗೆ ಕೂಡಲೆ ಕೇಳಿಸುತ್ತದೆ. ಅಲ್ಲಿ ಉಣ್ಣೆ, ಇಲ್ಲಿ ಹತ್ತಿ. ಬಡಿದು ಬಿಡಿಸುವ ಕೈ ಒಂದೇ.

ಪಶ್ಚಿಮದಲ್ಲಿ ಈ ಬಟ್ಟೆ ಟೋಪಿಯಾಗಿ ಮೆರೆಯಿತು. ಮೊಲದ ತುಪ್ಪುಳು ಉಣ್ಣೆಯಷ್ಟು ಸುಲಭವಾಗಿ ಸಿಕ್ಕುಗಟ್ಟದು. ಆದ್ದರಿಂದ ಟೋಪಿ ತಯಾರಕರು ಅದಕ್ಕೆ ಪಾದರಸದ ಲವಣವನ್ನು ಬಳಿಯುತ್ತಿದ್ದರು. ಅದರ ಹಬೆಯನ್ನು ವರ್ಷಗಟ್ಟಲೆ ಉಸಿರಾಡಿದ ಕೆಲಸಗಾರರ ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು, ಮನಸ್ಸು ಅಳುಕುತ್ತಿತ್ತು. ಅಮೆರಿಕದಲ್ಲಿ ಈ ಪದ್ಧತಿಗೆ ನಿಷೇಧ ಬಂದದ್ದು 1941ರಲ್ಲಿ. ದೊರೆಗಳ ತಲೆಯ ಮೇಲಿನ ಮರ್ಯಾದೆಗೆ ಯಾರೋ ತಮ್ಮ ತಲೆಯನ್ನೇ ತೆತ್ತಿದ್ದರು.

ಯಂತ್ರ ಬಂದ ಮೇಲೆ ಕೈಯ ನಮದಾ ಯೂರೋಪಿನಲ್ಲಿ ಬಹುಮಟ್ಟಿಗೆ ಮರೆತುಹೋಯಿತು. ಅದನ್ನು ನೆನಪಿಸಿಕೊಟ್ಟವರಲ್ಲಿ ಇಂಗ್ಲೆಂಡಿನ ಮೇರಿ ಬರ್ಕೆಟ್ ಒಬ್ಬರು. ಕೆಂಡಲ್ ಎಂಬ ಊರಿನ ಆಬಟ್ ಹಾಲ್ ಕಲಾಶಾಲೆಯವರಾದ ಇವರು 1962ರಲ್ಲಿ ತುರ್ಕಿ, ಇರಾನ್‌ಗಳ ಕಡೆ ಭೂಮಾರ್ಗದಲ್ಲಿ ಪ್ರವಾಸ ಮಾಡಿ, ಅಲ್ಲಿನ ನಮದಾಗಳಿಗೆ ಮನಸೋತು, 1979ರಲ್ಲಿ ಒಂದು ಪ್ರದರ್ಶನವನ್ನು ಏರ್ಪಡಿಸಿದರು. ಅದರಿಂದ ಸ್ಫೂರ್ತಿ ಪಡೆದವರು ಅನೇಕರು; 1984ರಲ್ಲಿ ನಮದಾ ಮಾಡುವವರ ಅಂತರರಾಷ್ಟ್ರೀಯ ಸಂಘವೊಂದು ಬ್ರಿಟನ್ನಿನಲ್ಲಿ ಹುಟ್ಟಿತು. 1990ರ ದಶಕದ ಮೊದಲಲ್ಲಿ ಆಸ್ಟ್ರೇಲಿಯದ ಪಾಲಿ ಸ್ಟರ್ಲಿಂಗ್ ಅವರು ತೆಳು ರೇಷ್ಮೆಯೊಳಗೆ ಉಣ್ಣೆಯನ್ನು ಹಾಯಿಸಿ ಹಗುರವಾದ ಹೊಸ ಬಗೆಯನ್ನು ರೂಢಿಗೆ ತಂದರು; ಅದಕ್ಕೆ ಬಟ್ಟೆ ಎಂಬರ್ಥದ ಜಪಾನಿ ಮಾತಿನಿಂದ 'ನೂನೋ' ಎಂದು ಹೆಸರಾಯಿತು. ಇಂದು ಅನೇಕ ದೇಶಗಳಲ್ಲಿ ಅಡಿಗೆಮನೆಯ ಮೇಜಿನ ಮೇಲೆಯೇ ಬಿಸಿನೀರು, ಸಾಬೂನು, ಉಣ್ಣೆ ಇಟ್ಟುಕೊಂಡು ಕಲಾಕೃತಿ ಮಾಡುವವರಿದ್ದಾರೆ. ಸೊಂಟ, ಮಣಿಕಟ್ಟು ನೋಯುವಂತೆ ದಿನಗಟ್ಟಲೆ ಒತ್ತಿದ ಕೃತಿಯನ್ನು ಗಿರಾಕಿ ಅಂಗಡಿಯ ಯಂತ್ರದ ಮಾಲಿನೊಡನೆ ಹೋಲಿಸಿ ಬೆಲೆ ಕೇಳುವ ಸಂಕಟ ಅವರಿಗೂ ತಪ್ಪಿಲ್ಲ.

ತೌರುಮನೆಯಲ್ಲಿ ಮಾತ್ರ ಕಥೆ ಇಷ್ಟು ಹಗುರವಲ್ಲ. ಕಿರ್ಗಿಸ್ತಾನದ ಹೆಂಗಸರು 'ಶಿರ್ದಾಕ್' ಎಂಬ ಹಾಸನ್ನು ಮಾಡುತ್ತಾರೆ. ಎರಡು ಬಣ್ಣದ ನಮದಾಗಳನ್ನು ಒಂದರ ಮೇಲೊಂದಿಟ್ಟು ಕುರಿಕೊಂಬಿನಾಕಾರದ ಚಿತ್ತಾರವನ್ನು ಒಟ್ಟಿಗೆ ಕತ್ತರಿಸಿ, ಇದರ ಹೂವನ್ನು ಅದರ ಬಯಲಿಗೂ, ಅದರ ಹೂವನ್ನು ಇದರ ಬಯಲಿಗೂ ಕೂಡಿಸಿ ಹೊಲಿಯುತ್ತಾರೆ. ಒಂದು ಚೂರೂ ವ್ಯರ್ಥವಾಗದು! 2012ರಲ್ಲಿ ಯುನೆಸ್ಕೊ ಈ ವಿದ್ಯೆಯನ್ನು ತುರ್ತಾಗಿ ರಕ್ಷಿಸಬೇಕಾದವುಗಳ ಪಟ್ಟಿಗೆ ಸೇರಿಸಿತು. ಬಲ್ಲವರಲ್ಲಿ ಹೆಚ್ಚಿನವರು ನಲವತ್ತು ದಾಟಿದವರು, ಎಳೆಯರು ಕಲಿಯುತ್ತಿಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ನಾನೂ ನಲವತ್ತು ದಾಟಿದವನೇ. ನನ್ನ ತಾಯಿಯ ಕೈಯಿಂದ ಒಂದು ಹೊಲಿಗೆಯನ್ನೂ ಕಲಿಯಲಿಲ್ಲ. ಅವರು ಹೆಣೆಯುತ್ತಿದ್ದಾಗ ನಾನು ಪಕ್ಕದಲ್ಲಿಯೇ ಕುಳಿತು ಛಂದಸ್ಸಿನ ಗಣಗಳನ್ನು ಎಣಿಸುತ್ತಿದ್ದೆ. ಅವರು ಎಣಿಸುತ್ತಿದ್ದ ಮನೆಗಳು ನನ್ನ ಕಿವಿಗೆ ಬೀಳಲಿಲ್ಲ.

ಇದನ್ನೆಲ್ಲ ಒಂದು ಸಂಜೆ ಅವರಿಗೆ ಓದಿ ಹೇಳಿದೆ. ಕೇಳಿದ ಮೇಲೆ ಅವರು ಕತ್ತರಿ ತರಿಸಿಕೊಂಡು ಸ್ವೆಟರಿನ ಬೆನ್ನನ್ನು ಚೌಕವಾಗಿ ಕತ್ತರಿಸಿದರು. ನನಗೆ ಕರುಳು ಚುರುಕ್ಕೆಂದಿತು. ಹೆಣಿಗೆಗೆ ಕತ್ತರಿ ತಾಗಿದರೆ ಎಲ್ಲ ಬಿಚ್ಚಿಕೊಳ್ಳುವುದೆಂದು ಬಾಲ್ಯದಿಂದ ಕೇಳಿದವನು ನಾನು. ಆದರೆ ಒಂದು ಎಳೆಯೂ ಬಿಚ್ಚಲಿಲ್ಲ. ಪಾಜಿರಿಕ್ಕಿನ ಹಂಸವನ್ನೂ ಕಿರ್ಗಿಸರ ಹೂವನ್ನೂ ಸಾಧ್ಯಗೊಳಿಸಿದ್ದು ಈ ಗುಣವೇ. ಅಮ್ಮ ಅಂಚನ್ನು ಬೆರಳಿನಿಂದ ಸವರಿ ನೋಡಿ, "ನೋಡು, ಗಟ್ಟಿಯಾಗಿದೆ" ಎಂದರು. ಅದು ಈಗ ನನ್ನ ಮಗಳ ತಂಬೂರಿಯ ಬುಡದಲ್ಲಿ ಹಾಸಾಗಿದೆ. ಉಳಿದ ತೋಳುಗಳಲ್ಲಿ ಒಂದನ್ನು ಅಜ್ಜಿ ಮೊಮ್ಮಗಳ ಕೈಗೆ ಕೊಟ್ಟು, ಸೂಜಿಗೆ ದಾರ ಪೋಣಿಸಲು ಹೇಳಿದ್ದಾರೆ. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದಾರೆ.